ತಪಸ್ಸುಕಾಲದ ಉಪವಾಸ, ಮಂದಿಯ ಹಸಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಒಂದು ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮಶಿಕ್ಷಣದ ಪಾಠ ಹೇಳುತ್ತೇನೆ. ನನ್ನ ತವರು ವಿಜಯಪುರದ ಕಡೆ. ಶಿವರಾತ್ರಿ ಹೊತ್ತಿಗೆ ಬಿಸಿಲು ಏರತೊಡಗಿದರೆ ಸಾಕು, ತಪಸ್ಸುಕಾಲದ ಬಗ್ಗೆ ಪ್ರಶ್ನೆಗಳೂ ಶುರುವಾಗುತ್ತವೆ. ತಪಸ್ಸುಕಾಲ ಅಂದರೆ, ಯೇಸು ಮರಳಿ ಎದ್ದ ಈಸ್ಟರ್ ಹಬ್ಬಕ್ಕೆ ಮುಂಚೆ ನಾವು ಉಪವಾಸ, ಪ್ರಾರ್ಥನೆಯಲ್ಲಿ ಕಳೆಯುವ ನಲವತ್ತು ದಿನ. ಮಕ್ಕಳು ಕೇಳುತ್ತಾರೆ, ಅವರ ಅಪ್ಪ-ಅವ್ವ ಕೇಳುತ್ತಾರೆ, ಓಣಿಯವರು ಕೇಳುತ್ತಾರೆ. ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಫಾದರ್ ಅಲ್ಲ, ಸಿಸ್ಟರೂ ಅಲ್ಲ. ನಿಯಮದ ವಿಷಯದಲ್ಲಿ ಅನುಮಾನ ಬಂದರೆ ನಿಮ್ಮ ಚರ್ಚಿನ ಗುರುಗಳನ್ನೇ ಕೇಳಿ.

## ಮೊದಲ ಸಲ ಕೇಳುವವರಿಗೆ

ಹಣಿ ಮ್ಯಾಲ ಬೂದಿ ಹಚ್ಕೊಂಡೀರಲ್ಲ ಅಕ್ಕಾರ, ನೀವು ಕ್ರಿಶ್ಚನ್‌ರು ಅಲ್ಲೇನು?

ಇದನ್ನು ಕೇಳಿದ್ದು ನಮ್ಮ ಓಣಿಗೆ ಸೊಪ್ಪು ತರುವ ಅಜ್ಜಿ. ತಾನೂ ಹಣೆ ತುಂಬ ವಿಭೂತಿ ಬಳಿದುಕೊಂಡು ಕೂತಿದ್ದಳು.

ಹೌದು, ನಮ್ಮಲ್ಲೂ ಬೂದಿ ಹಚ್ಚುತ್ತಾರೆ. ಆದರೆ ವರ್ಷಕ್ಕೆ ಒಂದೇ ದಿನ. ಅದನ್ನು ಬೂದಿ ಬುಧವಾರ ಅಂತಾರೆ, ವಿಭೂತಿ ಬುಧವಾರ ಅಂತಲೂ ಅಂತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ, ಮನೆಗೆ ತಂದು, ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ಚರ್ಚಿಗೆ ವಾಪಸ್ ಕೊಡುತ್ತೇವೆ. ಅವನ್ನು ಸುಟ್ಟೇ ಈ ಬೂದಿ ಮಾಡುತ್ತಾರೆ. ಹಚ್ಚುವಾಗ ಗುರುಗಳು, ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುತ್ತೀ ಅನ್ನುವ ಅರ್ಥದ ಮಾತು ಹೇಳುತ್ತಾರೆ. ಹೋದ ಸಲ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಡಾಕ್ಟರು, ಹಿಂದೆ ಒಬ್ಬ ಗೌಂಡಿ. ಇಬ್ಬರಿಗೂ ಒಂದೇ ಬಟ್ಟಲಿನ ಬೂದಿ. ತಪಸ್ಸುಕಾಲ ಶುರುವಾಗುವುದೇ ಹೀಗೆ.

ಇಷ್ಟೆಲ್ಲ ಹೇಳಿದ ಮೇಲೆ ಅಜ್ಜಿ ಕೇಳಿದಳು: "ವರ್ಷಕ್ಕ ಒಮ್ಮೆ ಹಚ್ಚಿಕೊಂಡ್ರ ನೆನಪ ಇರತೈತೇನವಾ?" ನನಗೆ ಉತ್ತರ ಹೊಳೆಯಲಿಲ್ಲ.

ನಲವತ್ತು ದಿನ ಅಂತೀರಿ, ಕ್ಯಾಲೆಂಡರ್‌ದಾಗ ಎಣಿಸಿದ್ರ ನಲವತ್ತಾರು ಬರ್ತದ. ಎಲ್ಲಿ ತಪ್ಪೀತು?

ತಪ್ಪಿಲ್ಲ. ಭಾನುವಾರಗಳನ್ನು ಎಣಿಸುವುದಿಲ್ಲ, ಅಷ್ಟೇ. 2026ರ ಲೆಕ್ಕ ನೋಡಿ. ಫೆಬ್ರವರಿ 18ಕ್ಕೆ ಬೂದಿ ಬುಧವಾರ, ಏಪ್ರಿಲ್ 5ಕ್ಕೆ ಈಸ್ಟರ್. ನಡುವೆ 46 ದಿನ, ಅದರಲ್ಲಿ 6 ಭಾನುವಾರ. ಭಾನುವಾರ ಯೇಸು ಮರಳಿ ಎದ್ದ ದಿನ, ಆವತ್ತು ಉಪವಾಸವಿಲ್ಲ. ಉಳಿದದ್ದು 40. ಯೇಸು ಮರಳುಗಾಡಿನಲ್ಲಿ ಉಪವಾಸ ಕೂತದ್ದು 40 ದಿನ, ಅದರ ನೆನಪಿಗೆ ಇದು.

ತಾರೀಖು ಪ್ರತಿ ವರ್ಷ ಬದಲಾಗುವುದು ಹುಣ್ಣಿಮೆಯ ದೆಸೆಯಿಂದ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ, ಅದು ಕಳೆದ ಮೇಲಿನ ಮೊದಲ ಭಾನುವಾರವೇ ಈಸ್ಟರ್. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಬೂದಿ ಬುಧವಾರ ಸಿಗುತ್ತದೆ.

ರೋಜಾದಂಗ ನೀವೂ ನೀರ ಸೈತ ಕುಡಿಯಂಗಿಲ್ಲೇನು?

ಕುಡಿಯುತ್ತೇವೆ. ಕ್ಯಾಥೊಲಿಕ್ ಸಭೆಯಲ್ಲಿ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಯೇಸು ಶಿಲುಬೆಯ ಮೇಲೆ ಸತ್ತ ದಿನವಾದ ಗುಡ್ ಫ್ರೈಡೆ. ಆ ದಿನ ಒಂದು ಹೊತ್ತು ಹೊಟ್ಟೆ ತುಂಬ ಊಟ. ಉಳಿದೆರಡು ಹೊತ್ತು ಸ್ವಲ್ಪ ಏನಾದರೂ, ಎರಡೂ ಸೇರಿದರೂ ಒಂದು ಪೂರ್ತಿ ಊಟ ಆಗಬಾರದು. 18 ತುಂಬಿದಾಗಿನಿಂದ 59 ತುಂಬುವ ತನಕ ಈ ನಿಯಮ. ಮಾಂಸ ಬಿಡುವ ನಿಯಮ 14 ತುಂಬಿದವರಿಂದ ಮೇಲೆ ಎಲ್ಲರಿಗೂ, ಈ ಎರಡು ದಿನವೂ ತಪಸ್ಸುಕಾಲದ ಶುಕ್ರವಾರಗಳಲ್ಲೂ.

ನಿಜ ಹೇಳಬೇಕೆಂದರೆ ಇದು ಭಾರಿ ಕಠಿಣ ಏನಲ್ಲ. ನಮ್ಮ ಪಕ್ಕದ ಮನೆಯ ಚಾಚಿ ಏಪ್ರಿಲ್ ಬಿಸಿಲಲ್ಲೂ ನೀರು ಮುಟ್ಟದೆ ರೋಜಾ ಹಿಡಿದವರು. ಅವರ ಮುಂದೆ ನನ್ನ ಉಪವಾಸದ ಮಾತು ತೆಗೆಯಲು ನನಗೆ ನಾಚಿಕೆ. ನಿಯಮ ಹೇಳಿದ್ದು ತೀರಾ ಕಡಿಮೆ. ಅದರ ಮೇಲೆ ಏನು ಬಿಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಅದಕ್ಕೇ "ಏನು ಬಿಡಲಿ" ಅನ್ನುವ ಪ್ರಶ್ನೆ ಇಷ್ಟು ಸಲ ಬರುತ್ತದೆ.

ಎಲ್ಲಾ ಚರ್ಚಿನವರೂ ಮಾಡ್ತಾರೇನು?

ಇಲ್ಲ. ಕ್ಯಾಥೊಲಿಕರು ಮಾಡುತ್ತೇವೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥಡಿಸ್ಟ್‌ನಂಥ ಪ್ರೊಟೆಸ್ಟೆಂಟ್ ಸಭೆಗಳಲ್ಲೂ ಲೆಂಟ್, ಅಂದರೆ ಇದೇ ತಪಸ್ಸುಕಾಲ, ಇದೆ. ಆದರೆ ಏನು ಉಣ್ಣಬೇಕು, ಏನು ಬಿಡಬೇಕು ಅನ್ನುವ ನಿಯಮಕ್ಕಿಂತ ಪ್ರಾರ್ಥನೆ, ಬೈಬಲ್ ಓದು, ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ನುಡಿಗಳ ಗುಡ್ ಫ್ರೈಡೆ ಆರಾಧನೆ, ಇವಕ್ಕೆ ಅಲ್ಲಿ ಒತ್ತು ಜಾಸ್ತಿ. ಗುಳೇದಗುಡ್ಡದಂಥ ಊರುಗಳಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದ ಇರುವ ಸಭೆಗಳು ಆ ಸಾಲಿನವು. ಪೆಂಟೆಕೋಸ್ಟಲ್ ಸಭೆಗಳಲ್ಲಿ ಸಾಮಾನ್ಯವಾಗಿ ತಪಸ್ಸುಕಾಲ ಅಂತ ಬೇರೆ ಇರುವುದಿಲ್ಲ. ಅವರ ಉಪವಾಸ ಪ್ರಾರ್ಥನೆ ವರ್ಷವಿಡೀ ನಡೆಯುತ್ತದೆ.

## ಏನು ಬಿಡೋದು, ಹೆಂಗ ಬಿಡೋದು

ಚಿಕನ್, ಮಟನ್ ನಮ್ಮ ಮನ್ಯಾಗ ತಿಂಗಳಿಗೊಮ್ಮೆ ಮಾಡಿದ್ರ ಹೆಚ್ಚು. ನಾವೇನು ಬಿಡೋದು?

ಒಳ್ಳೆಯ ಪ್ರಶ್ನೆ. ಗೋವಾ ಕಡೆಯಿಂದ ಬಂದ ಮನೆಗಳಲ್ಲಿ ದಿನಾ ಮೀನು ಬೇಕು. ಅವರಿಗೆ ಬಿಡುವುದು ಅಂದರೆ ಏನು ಅಂತ ಕೂಡಲೇ ತಿಳಿಯುತ್ತದೆ. ರೊಟ್ಟಿ, ಕಾಳುಪಲ್ಯ, ಶೇಂಗಾಚಟ್ನಿಯಲ್ಲೇ ವಾರ ಕಳೆಯುವ ಮನೆಗೆ ಮಾಂಸ ಬಿಡಿ ಅಂದರೆ ಅದು ತ್ಯಾಗವೇ ಅಲ್ಲ.

ನಾನು ಮಕ್ಕಳಿಗೆ ಹೇಳುವುದು ಇಷ್ಟು. ಇಲ್ಲದಿದ್ದರೆ ನಿಮ್ಮ ಕೈ ಯಾವುದನ್ನು ಹುಡುಕುತ್ತದೋ ಅದನ್ನು ಬಿಡಿ. ಒಬ್ಬ ಹುಡುಗ ಸಂಜೆಯ ಗೋಬಿ ಮಂಚೂರಿ ಬಿಟ್ಟ. ಒಬ್ಬ ಅಂಕಲ್ ಗುಟ್ಕಾ ಬಿಟ್ಟರು. ಅದಂತೂ ಈಸ್ಟರ್ ಆದ ಮೇಲೂ ಹಿಡಿಯಬೇಡಿ ಅಂದೆ, ನಕ್ಕರು. ಒಬ್ಬ ತಾಯಿ, ಸೊಪ್ಪಿನವಳ ಹತ್ತಿರ ಚೌಕಾಶಿ ಮಾಡುವುದನ್ನು 40 ದಿನ ಬಿಟ್ಟೆ ಅಂದರು. ಇಷ್ಟು ವರ್ಷದಲ್ಲಿ ನಾನು ಕೇಳಿದ ತ್ಯಾಗಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಹೊಟ್ಟೆಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಗಿಡ್ಡ ಮೆಂತ್ಯದ ಸಿವುಡು ಕೈಯಲ್ಲಿ ಹಿಡಿದು, ಬಾಯಿಗೆ ಬಂದ "ಕಡಿಮಿ ಮಾಡ್ರಿ" ಅನ್ನುವ ಮಾತನ್ನು ನುಂಗಿಕೊಳ್ಳುವಾಗ, ಎದುರಿಗಿರುವವಳು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಬಹುದು ಅನ್ನುವುದು ತಾನಾಗಿ ತಲೆಗೆ ಬರುತ್ತದಂತೆ.

ಚಹಾ ಬಿಟ್ಟೀನ್ರಿ. ಮೂರನೇ ದಿನಕ್ಕ ಎಲ್ಲಾರ ಮ್ಯಾಲ ಸಿಟ್ಟು ಬರಾಕತ್ತೈತಿ. ಇದು ಎಂಥಾ ತಪಸ್ಸು?

ಇದು ನನ್ನದೇ ಕಥೆ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಾನೂ ಚಹಾ ಬಿಟ್ಟೆ. ದಿನಕ್ಕೆ ಐದಾರು ಕಪ್ ಕುಡಿಯುತ್ತಿದ್ದವಳು. ಯಜಮಾನರಿಗೆ ಕಾಫಿ, ಅದನ್ನು ಅವರೇ ಮಾಡಿಕೊಳ್ಳುತ್ತಾರೆ. ಹೀಗಾಗಿ ಚಹಾದ ಪಾತ್ರೆಯನ್ನು ತೊಳೆದು ಮೇಲಿನ ಕಪಾಟಿನಲ್ಲಿಟ್ಟೆ. ಎರಡನೇ ದಿನ ತಲೆ ಸಿಡಿಯತೊಡಗಿತು. ಮೂರನೇ ದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಮಾವಶಿ ಒಂದು ಸ್ಟೀಲ್ ಡಬ್ಬಿಯನ್ನು ಜೋರಾಗಿ ಕೆಳಗಿಟ್ಟರು. ನಾನು ರೇಗಿದೆ. ಸಣ್ಣಗೆ ಏನಲ್ಲ, ಪಕ್ಕದ ಮನೆಗೆ ಕೇಳುವ ಹಾಗೆ ರೇಗಿದೆ. ಮಾವಶಿ ತಿರುಗಿ ಒಂದು ಮಾತೂ ಆಡಲಿಲ್ಲ. ಕೈ ಒರೆಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಬಾಯಾರ, ಚಹಾಪುಡಿ ತೀರೈತೇನ್ರಿ? ತರಬೇಕಿತ್ತೇನು?"

ಆಗ ತಿಳಿಯಿತು. ಆಕೆ ಮುಂಜಾನೆ ಐದಕ್ಕೆ ಮನೆ ಬಿಡುತ್ತಾರೆ. ನಮ್ಮದು ಎರಡನೇ ಮನೆ. ದಿನದ ಮೊದಲ ಚಹಾ ನಮ್ಮ ಮನೆಯಲ್ಲೇ, ನಾನು ಕುಡಿಯುವಾಗ ಅವರಿಗೂ ಒಂದು ಲೋಟ. ನಾನು ತಪಸ್ಸು ಅಂತ ಪಾತ್ರೆ ಎತ್ತಿಟ್ಟ ದಿನದಿಂದ ಅವರಿಗೂ ಚಹಾ ಇಲ್ಲ. ನಾನು ದೇವರಿಗೆ ಅಂತ ಬಿಟ್ಟೆ. ಆಕೆಗೆ ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ. ನನ್ನಷ್ಟೇ ತಲೆನೋವು ಅವರಿಗೂ ಇತ್ತು. ಆದರೆ ಅವರು ಯಾರ ಮೇಲೆ ರೇಗಬೇಕು?

ಯೆಶಾಯ ಪ್ರವಾದಿಯ 58ನೇ ಅಧ್ಯಾಯವನ್ನು ಬೂದಿ ಬುಧವಾರದ ಮರುದಿನಗಳಲ್ಲಿ ಚರ್ಚಿನಲ್ಲಿ ಓದುತ್ತಾರೆ. ನಾವು ಉಪವಾಸ ಮಾಡಿದೆವು, ನೀನೇಕೆ ನೋಡಲಿಲ್ಲ ಅಂತ ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೇ ನಿಮ್ಮ ಕೆಲಸದವರನ್ನು ಹಿಂಡುತ್ತೀರಲ್ಲ, ಜಗಳ ಆಡುತ್ತೀರಲ್ಲ ಅಂತ ಉತ್ತರ ಬರುತ್ತದೆ. ಎಷ್ಟೋ ವರ್ಷ ಅದನ್ನು ನಾನೇ ಎದ್ದು ನಿಂತು ಜೋರಾಗಿ ಓದಿದ್ದೆ. ನನ್ನ ಅಡುಗೆಮನೆಗೂ ಅದಕ್ಕೂ ಸಂಬಂಧ ಇದೆ ಅಂತ ಅನ್ನಿಸಿರಲೇ ಇಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿಟ್ಟು ಬರುವುದು ಸಹಜ, ಮೊದಲ ವಾರ ಕಳೆದರೆ ತಲೆನೋವು ಇಳಿಯುತ್ತದೆ. ಒಮ್ಮೆಲೇ ಬಿಡುವ ಬದಲು ಮೊದಲೇ ಕಡಿಮೆ ಮಾಡುತ್ತಾ ಬನ್ನಿ. ಆದರೆ ಆ ಸಿಟ್ಟು ಯಾರ ಮೇಲೆ ಹೋಗುತ್ತಿದೆ ಅಂತ ಒಂದು ಸಲ ನೋಡಿ. ಸಾಮಾನ್ಯವಾಗಿ ತಿರುಗಿ ಮಾತಾಡಲಾಗದವರ ಮೇಲೇ ಹೋಗುತ್ತದೆ. ಆಫೀಸಿನ ಸಾಹೇಬರ ಮೇಲೆ ನಿಮಗೆ ಸಿಟ್ಟು ಬಂದಿತಾ? ಇಲ್ಲ ಅಲ್ವಾ?

ಉಪವಾಸ ಮಾಡಿದ್ರೆ ತೂಕಾನೂ ಇಳಿಯುತ್ತೆ. ಎರಡೂ ಲಾಭ ಅಲ್ವಾ?

ಇಳಿದರೆ ಇಳಿಯಲಿ. ಆದರೆ ದಿನಾ ಬೆಳಿಗ್ಗೆ ತೂಕದ ಯಂತ್ರದ ಮೇಲೆ ಹತ್ತುವ ಮನಸ್ಸಾದರೆ ಅದು ಡಯಟ್. ಡಯಟ್ ಮಾಡುವುದು ತಪ್ಪಲ್ಲ, ಅದಕ್ಕೆ ಬೂದಿ ಹಚ್ಚಿಕೊಳ್ಳುವ ಅಗತ್ಯವೂ ಇಲ್ಲ.

ಊಟ ಬಿಡೋಕೆ ಆಗಲ್ಲ, ಮೊಬೈಲ್ ಬಿಟ್ರೆ ನಡೆಯುತ್ತಾ?

ನಡೆಯುತ್ತದೆ. ಆದರೆ ಹದಿಹರೆಯದವರಿಗೆ ನಾನು ಒಂದು ಷರತ್ತು ಹಾಕುತ್ತೇನೆ. ಮೊಬೈಲ್ ಬಿಟ್ಟ ಆ ಒಂದು ತಾಸು ಯಾರಿಗೆ ಹೋಯಿತು ಅಂತ ಹೇಳಬೇಕು. "ನಿದ್ದಿ ಮಾಡಿದೆ" ಅಂದರೆ ಲೆಕ್ಕಕ್ಕಿಲ್ಲ. ಒಬ್ಬ ಹುಡುಗಿ ಆ ತಾಸಿನಲ್ಲಿ ಕಣ್ಣು ಮಂಜಾದ ತನ್ನ ಅಜ್ಜನಿಗೆ ಪೇಪರ್ ಓದಿ ಹೇಳಿದಳು. ಅಜ್ಜ ಮೊದಲು ಕೇಳಿದ್ದು ನಿಧನ ವಾರ್ತೆಯ ಕಾಲಂ ಅಂತೆ. "ಅಜ್ಜನ ಗೆಳೆಯರೆಲ್ಲ ಅಲ್ಲೇ ಅದಾರ ಅಕ್ಕಾರ" ಅಂದಳು. ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನಗ ಶುಗರ್ ಐತಿ. ಸೊಸಿ ಬಸುರಿ. ನಾವು ಮಾಡಲಿಲ್ಲಂದ್ರ ಪಾಪ ಹತ್ತತೈತೇನು?

ಹತ್ತುವುದಿಲ್ಲ. ಕಾಯಿಲೆ ಇದ್ದವರಿಗೆ, ಬಸುರಿ, ಬಾಣಂತಿಯರಿಗೆ ಉಪವಾಸದ ಕಟ್ಟು ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ, ಗುಳಿಗೆ ತಪ್ಪಿಸಬೇಡಿ. ಶುಗರ್ ಇಳಿದು ನೀವು ತಲೆತಿರುಗಿ ಬಿದ್ದರೆ ಸೊಸೆಗೆ ಇನ್ನೊಂದು ಕೆಲಸ.

## ಬಿಟ್ಟದ್ದು ಇನ್ನೊಬ್ಬರಿಗೆ ಮುಟ್ಟೋದು

ನಾನು ಕುಂದಾ ಬಿಟ್ರ ಹಸದವಗ ಏನ್ ಸಿಕ್ಕಂಗಾತು?

ಬಿಟ್ಟು ಸುಮ್ನೆ ಕೂತರೆ ಏನೂ ಸಿಗಲಿಲ್ಲ. ಮಿಠಾಯಿ ಅಂಗಡಿಯವರಿಗೆ ಒಂದು ಗಿರಾಕಿ ಕಡಿಮೆಯಾಯಿತು, ಅಷ್ಟೇ.

ಅದಕ್ಕೇ ಹಳೆಯ ಕಾಲದಿಂದಲೂ ಮೂರನ್ನು ಒಟ್ಟಿಗೆ ಕಟ್ಟಿಟ್ಟಿದ್ದಾರೆ: ಪ್ರಾರ್ಥನೆ, ಉಪವಾಸ, ದಾನ. ಐದನೇ ಶತಮಾನದ ಪೋಪ್ ಮಹಾ ಲಿಯೋ ತಪಸ್ಸುಕಾಲದ ಪ್ರಸಂಗಗಳಲ್ಲಿ ಇದನ್ನೇ ಮತ್ತೆ ಮತ್ತೆ ಹೇಳಿದ್ದಾರೆ. ನಿನ್ನ ತಾಟಿನಿಂದ ತೆಗೆದದ್ದು ಬಡವನ ತಾಟಿಗೆ ಹೋಗಬೇಕು ಅನ್ನುವುದು ಅವರ ಮಾತಿನ ಸಾರ. ದಿನಕ್ಕೆ ಹೊರಗಿನ ಎರಡು ಚಹಾ, 20 ರೂಪಾಯಿ ಅಂದುಕೊಳ್ಳಿ. 40 ದಿನಕ್ಕೆ 800. ಅದು ಒಂದು ಮನೆಯ ಜೋಳಕ್ಕೆ, ಎಣ್ಣೆಗೆ ಆಗುತ್ತದೆ.

ಆದರೆ ದುಡ್ಡಿನ ಲೆಕ್ಕ ಇದರ ಅರ್ಧ ಮಾತ್ರ. ಇನ್ನರ್ಧ ಕಣ್ಣಿನದು. ಒಂದು ಗುಡ್ ಫ್ರೈಡೆ ಸಂಜೆ ನಾಲ್ಕರ ಹೊತ್ತಿಗೆ ಖಡೇ ಬಜಾರಿನಲ್ಲಿ ನಡೆದು ಬರುತ್ತಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಬಂಡಿಯ ಮೇಲೆ ಮಿರ್ಚಿ ಭಜಿ ಕರಿಯುತ್ತಿದ್ದರು. ಎಣ್ಣೆಗೆ ಬಿದ್ದ ಮೆಣಸಿನಕಾಯಿಯ ವಾಸನೆ ಮೂಗಿಗೆ ಬಂದು ಕಾಲು ತಾನಾಗಿ ನಿಧಾನವಾಯಿತು. ಕಡಾಯಿಯನ್ನೇ ನೋಡುತ್ತಾ ನಿಂತೆ. ಬಂಡಿಯ ಆ ಕಡೆ ಹೆಗಲಿಗೆ ಬಾಟಲಿ ಆಯುವ ಚೀಲ ಹಾಕಿಕೊಂಡ ಒಬ್ಬ ಹುಡುಗ ನಿಂತಿದ್ದ. ಅವನೂ ಅದೇ ಕಡಾಯಿ ನೋಡುತ್ತಿದ್ದ. ಜರಡಿ ಸೌಟು ಮೇಲೆದ್ದರೆ ಅವನ ಗಲ್ಲವೂ ಮೇಲೆ, ನನ್ನದೂ ಮೇಲೆ. ಆ ರಸ್ತೆಯಲ್ಲಿ ನಾನು ವರ್ಷಗಟ್ಟಲೆ ಓಡಾಡಿದ್ದೇನೆ. ಅವನಂಥ ಹುಡುಗರು ಅಲ್ಲಿ ದಿನಾ ಇದ್ದೇ ಇರುತ್ತಾರೆ. ನಾನು ಭಜಿ ತಿನ್ನುತ್ತಾ ಇದ್ದೆ, ಅದಕ್ಕೆ ನೋಡಿರಲಿಲ್ಲ.

ಅವನಿಗೆ ಒಂದು ಪ್ಲೇಟ್ ಕೊಡಿಸಿದೆ. ಅದೇನು ದೊಡ್ಡ ಮಾತಲ್ಲ. "ನೀವು ತಿನ್ನಂಗಿಲ್ಲೇನ್ರಿ?" ಅಂದ. ಇವತ್ತು ಉಪವಾಸ ಅಂದೆ. "ನಾನೂ ಮುಂಜಾನಿಂದ ಉಪವಾಸನ ರೀ" ಅಂತ ನಕ್ಕ.

ಚರ್ಚಿನಾಗ ಕೊಡೋ ಡಬ್ಬಿಯ ರೊಕ್ಕ ಎಲ್ಲಿ ಹೋಗ್ತದ?

ಕೇಳಬೇಕಾದ ಪ್ರಶ್ನೆ ಇದು. ಭಾರತದ ಕ್ಯಾಥೊಲಿಕ್ ಬಿಷಪರ ಸಮಾಜಸೇವೆಯ ಸಂಸ್ಥೆ ಕಾರಿತಾಸ್ ಇಂಡಿಯಾ, 1962ರಲ್ಲಿ ಶುರುವಾದದ್ದು. ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಂತ ಅದು ಒಂದು ಅಭಿಯಾನ ನಡೆಸುತ್ತದೆ. ಗುಡ್ ಫ್ರೈಡೆಯ ಕಾಣಿಕೆ ಬೇರೆ, ಅದು ಯೇಸುವಿನ ನಾಡಿನ ಕ್ರೈಸ್ತರ ನೆರವಿಗೆ. ಇನ್ನು ಚರ್ಚಿನಲ್ಲೇ ವಿನ್ಸೆಂಟ್ ಡಿ ಪೌಲ್ ಸಂಘ ಇದ್ದರೆ ಅವರು ಮನೆಮನೆಗೆ ಹೋಗಿ ನೋಡಿ ಕೊಡುತ್ತಾರೆ. ಈ ಸಂಘ 1833ರಲ್ಲಿ ಪ್ಯಾರಿಸ್ಸಿನಲ್ಲಿ ಕೆಲವು ಕಾಲೇಜು ಹುಡುಗರಿಂದ ಶುರುವಾದದ್ದು. ಹೋಗಿ ಭೇಟಿಯಾಗದೆ ಬರೀ ದುಡ್ಡು ಕೊಡುವುದು ಅವರ ಪದ್ಧತಿಯಲ್ಲ.

ನಿಮ್ಮ ಚರ್ಚಿನ ಡಬ್ಬಿ ಯಾವುದಕ್ಕೆ ಅಂತ ನಿಮ್ಮ ಗುರುಗಳನ್ನೇ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಲೂಬಾರದು.

ರೊಟ್ಟಿ ಪಲ್ಯಾ ಕಟಗೊಂಡು ಆಸ್ಪತ್ರಿಗೆ ಹೋಗಿದ್ವಿ. ಒಬ್ಬಾಕಿ ಬ್ಯಾಡ ಅಂದ್ಲು. ಮನಸಿಗೆ ಭಾಳ ಬೇಜಾರಾತು.

ಈ ಅನುಭವ ನಮಗೂ ಆಗಿದೆ. ದೊಡ್ಡಾಸ್ಪತ್ರೆಯ ಹೊರಗೆ ರೋಗಿಗಳ ಕಡೆಯವರು ಚಾಪೆ ಹಾಸಿಕೊಂಡು ದಿನಗಟ್ಟಲೆ ಇರುತ್ತಾರೆ. ರಾಯಬಾಗ, ಸವದತ್ತಿ, ಬಾದಾಮಿ ಕಡೆಯಿಂದ ಬಂದವರು. ನಾವು ಏಳೆಂಟು ಜನ, ಮಕ್ಕಳನ್ನೂ ಕರೆದುಕೊಂಡು, 60 ರೊಟ್ಟಿ ಮಾಡಿಸಿಕೊಂಡು ಹೋದೆವು. ಒಬ್ಬ ಹೆಣ್ಣುಮಗಳು ತೆಗೆದುಕೊಳ್ಳಲಿಲ್ಲ. "ರೊಟ್ಟಿ ಊರಿಂದ ತಂದೀನ್ರಿ. ಯಾರರೆ ಹತ್ತು ನಿಮಿಷ ನಮ್ಮ ಅವ್ವನ ಕಡೆ ಕುಂಡ್ರತೀರೇನು? ಮೂರು ದಿನಾತು ಜಳಕಾ ಮಾಡಿಲ್ಲ" ಅಂದಳು.

ಅವಳಿಗೆ ಬೇಕಾದದ್ದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ನಮ್ಮಲ್ಲಿ ಒಬ್ಬರು ಒಳಗೆ ಹೋಗಿ ಕೂತರು. ಹತ್ತು ನಿಮಿಷ ಅಂದವಳು ಮುಕ್ಕಾಲು ತಾಸಿಗೆ ಬಂದಳು, ತಲೆಗೆ ನೀರು ಹಾಕಿಕೊಂಡು. ಅದರ ಮುಂದಿನ ವಾರದಿಂದ ರೊಟ್ಟಿ ಕಡಿಮೆ ಮಾಡಿದೆವು. ಬಿಸಿನೀರಿನ ಥರ್ಮಾಸ್, ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕ್, ಸೊಳ್ಳೆಬತ್ತಿ ಒಯ್ದೆವು. ಜೊತೆಗೆ ಸುಮ್ನೆ ಕೂತುಕೊಳ್ಳಲು ಇಬ್ಬರು.

ನೀವು ಬೇಜಾರು ಮಾಡಿಕೊಂಡದ್ದು ರೊಟ್ಟಿ ಉಳಿಯಿತು ಅಂತಲಾ, ಅಥವಾ ಕೊಡುವವರಿಗೆ ಸಿಗಬೇಕಾದ ನಮಸ್ಕಾರ ಸಿಗಲಿಲ್ಲ ಅಂತಲಾ? ನನ್ನದು ಎರಡನೆಯದಾಗಿತ್ತು, ಒಪ್ಪಿಕೊಳ್ಳುತ್ತೇನೆ. ಮುಂದಿನ ಸಲ ಮೊದಲು ಕೇಳಿ, ಆಮೇಲೆ ಕಟ್ಟಿಕೊಂಡು ಹೋಗಿ. ಫೋಟೋ ಮಾತ್ರ ಬೇಡ.

ಮಕ್ಕಳಿಗೆ ಎಷ್ಟನೇ ವಯಸ್ಸಿನಿಂದ ಕಲಿಸಬೇಕು?

ಏಳೆಂಟು ವರ್ಷದ ಮಕ್ಕಳಿಗೆ ಹಸಿವಿನಿಂದ ಕಲಿಸಬೇಡಿ, ಹಂಚಿಕೊಳ್ಳುವುದರಿಂದ ಕಲಿಸಿ. ಹತ್ತು ಶೇಂಗಾ ಉಂಡೆಯಲ್ಲಿ ಎರಡನ್ನು ಅವರ ಕೈಯಿಂದಲೇ ತೆಗೆಸಿ ಇಡಿಸಿ, ಕೊಡುವುದೂ ಅವರೇ. ಯಾರಿಗೆ ಅಂತಲೂ ಅವರೇ ಹೇಳಲಿ. ನಮ್ಮ ತರಗತಿಯ ಒಬ್ಬ ಪೋರ ಶಾಲೆಯಲ್ಲಿ ತನಗೆ ಹೊಡೆಯುವ ಹುಡುಗನಿಗೇ ಕೊಟ್ಟು ಬಂದ. "ಇನ್ ಹೊಡಿಯಂಗಿಲ್ಲ ಅಂದಾನ" ಅಂದ. ಅದು ಕರುಣೆಯೋ ಲಂಚವೋ, ನಾನು ಜಾಸ್ತಿ ವಿಚಾರಿಸಲಿಲ್ಲ.

## ಕಷ್ಟದ ಪ್ರಶ್ನೆಗಳು

ಮೂರು ಹೊತ್ತು ಉಂಡವರು ಒಂದು ಹೊತ್ತು ಬಿಟ್ಟು, ಬಡವರ ಸಂಕಟ ತಿಳೀತು ಅನ್ನೋದು ನಾಟಕ ಅಲ್ಲೇನು?

ಈ ಪ್ರಶ್ನೆ ಪತ್ರದಲ್ಲಿ ಬಂದದ್ದು. ಬರೆದವರು ಸ್ವಲ್ಪ ಖಾರವಾಗಿಯೇ ಬರೆದಿದ್ದರು. ಅವರ ಮಾತಿನಲ್ಲಿ ಸತ್ಯ ಇದೆ.

ನನ್ನ ಹಸಿವಿಗೂ ಅವರ ಹಸಿವಿಗೂ ಒಂದು ಮುಖ್ಯ ವ್ಯತ್ಯಾಸ ಇದೆ. ನನ್ನದು ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ನನಗೆ ಗೊತ್ತು. ಫ್ರಿಜ್ಜಿನಲ್ಲಿ ಹಾಲಿದೆ, ಡಬ್ಬಿಯಲ್ಲಿ ಹಿಟ್ಟಿದೆ. ಬೇಡ ಅಂತ ನಾನೇ ಬಿಟ್ಟದ್ದು. ಕಬ್ಬು ಕಡಿಯುವ ಗ್ಯಾಂಗಿನವರನ್ನು ನೋಡಿ. ಹಂಗಾಮು ಶುರುವಾದಾಗಿನಿಂದ ಮಾರ್ಚ್ ತನಕ ಹೊಲದ ಬದಿಯಲ್ಲೇ ಗುಡಿಸಲು. ಹೆಣ್ಣುಮಕ್ಕಳು ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಗಂಡಸರ ಜೊತೆಗೇ ಕಬ್ಬಿಗೆ ಹೋಗುತ್ತಾರೆ. ಕೂಸು ಗದ್ದೆಯ ಬದುವಿನಲ್ಲಿ ಮಲಗಿರುತ್ತದೆ. ಮುಂಗಡ ತೆಗೆದುಕೊಂಡಾಗಿದೆ, ಮೈ ಹುಷಾರಿಲ್ಲ ಅಂತ ಕೂರುವ ಹಾಗಿಲ್ಲ. ಒಂದು ಶುಕ್ರವಾರ ಮೊಸರನ್ನ ಬಿಟ್ಟು, ನಿಮ್ಮ ಕಷ್ಟ ತಿಳಿಯಿತು ಅಂತ ನಾನು ಅವರ ಮುಂದೆ ನಿಂತು ಹೇಳಿದರೆ ಅವರು ನಗಬೇಕು, ಇಲ್ಲ ಉಗಿಯಬೇಕು.

ಹಾಗಾದರೆ ಯಾಕೆ ಬಿಡಬೇಕು? ನನ್ನ ತಿಳುವಳಿಕೆ ಹೀಗೆ. ಉಪವಾಸದಿಂದ ಅವರ ಹಸಿವು ನನಗೆ ಗೊತ್ತಾಗುವುದಿಲ್ಲ. ನನಗೆ ಅದು ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ. ಒಂದು ಹೊತ್ತಿಗೇ ಕೈ ನಡುಗುತ್ತದೆ, ಮಾತು ಒರಟಾಗುತ್ತದೆ, ಲೆಕ್ಕ ತಪ್ಪುತ್ತದೆ. ಆಮೇಲೆ "ಬಡವರು ಸೋಮಾರಿಗಳು", "ಅವರ ಬಾಯಿ ಜೋರು" ಅನ್ನುವ ಮಾತು ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ.

ಆಮೇಲೆ ಆ ಗ್ಯಾಂಗಿನ ಮಕ್ಕಳ ಶಾಲೆ ಏನಾಯಿತು, ಕೂಲಿ ಎಷ್ಟು ಬಂತು ಅಂತ ಕೇಳುವುದು ಉಪವಾಸಕ್ಕಿಂತ ದೊಡ್ಡ ಕೆಲಸ. ಪೋಪ್ ಫ್ರಾನ್ಸಿಸ್ 2015ರ ತಪಸ್ಸುಕಾಲದ ಸಂದೇಶದಲ್ಲಿ ಜಗತ್ತಿನಾದ್ಯಂತ ಹರಡಿದ ಅಸಡ್ಡೆಯ ಬಗ್ಗೆ ಮಾತಾಡಿದ್ದರು. ಬೇರೆಯವರ ನೋವು ನಮ್ಮ ತನಕ ಬಾರದ ಹಾಗೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸದ ಬಗ್ಗೆ. ಉಪವಾಸ ಬಾಗಿಲನ್ನು ಒಂದು ಗೇಣು ತೆರೆಯಬಹುದು. ಅಲ್ಲಿಂದ ಹೊರಗೆ ನಾವೇ ನಡೆದು ಹೋಗಬೇಕು.

ದಿನಾ ಕೂಲಿಗೆ ಹೋಗೋರೂ ಉಪವಾಸ ಮಾಡಬೇಕೇನು?

ಮೈ ಮುರಿದು ದುಡಿಯುವವರು ಹೊಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಕು ಅಂತ ಸಭೆ ಹೇಳುವುದಿಲ್ಲ. ಆದರೆ ಸ್ವಾರಸ್ಯ ಏನೆಂದರೆ, ನಾನು ನೋಡಿದ ಹಾಗೆ ಅವರೇ ಕಟ್ಟುನಿಟ್ಟಾಗಿ ಮಾಡುತ್ತಾರೆ. ನಮ್ಮ ಊರಿನ ಕಡೆ ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋಗುವ ಮನೆಗಳಿವೆ. ಗುಡ್ ಫ್ರೈಡೆಗೆ ಊರಿಗೆ ಬಂದವರು ಮಧ್ಯಾಹ್ನದ ಬಿಸಿಲಲ್ಲಿ ಬರಿಗಾಲಲ್ಲಿ ಶಿಲುಬೆ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಪ್ರಾರ್ಥನೆಯ, 14 ನಿಲ್ದಾಣ ನಡೆಯುತ್ತಾರೆ. ಸಂಜೆ ಅವರ ಮನೆಗೆ ಹೋದರೆ ನಮಗೇ ಊಟಕ್ಕೆ ಏಳಿ ಅನ್ನುತ್ತಾರೆ. ಅವರಿಂದ ನಾವು ಕಲಿಯುವುದಿದೆ, ಅವರಿಗೆ ಕಲಿಸುವುದು ನನಗೆ ಏನೂ ಕಾಣುವುದಿಲ್ಲ.

ನಮ್ಮಲ್ಲಿ ದಾಸೋಹ ಐತಿ, ಸಾಬರಲ್ಲಿ ಜಕಾತ್ ಐತಿ. ನಿಮ್ಮದರಾಗ ಹೊಸದೇನು?

ಹಸಿವಿನಲ್ಲಿ ಹೊಸದು ಏನಿರುತ್ತದೆ?

ಬಸವಣ್ಣ ಹುಟ್ಟಿದ ಬಾಗೇವಾಡಿ ವಿಜಯಪುರ ಜಿಲ್ಲೆಯದು, ಐಕ್ಯವಾದ ಕೂಡಲಸಂಗಮ ಬಾಗಲಕೋಟೆಯದು. ದಾಸೋಹದಲ್ಲಿ ಕೊಡುವವನು ತಾನು ಕೊಟ್ಟೆ ಅಂದುಕೊಳ್ಳುವ ಹಾಗಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ನಾವು ತಡವಾಗಿ ಕಲಿತದ್ದೂ ಅದೇ. ಜಕಾತ್‌ನಲ್ಲಿ ಉಳಿತಾಯದ ನೂರಕ್ಕೆ ಎರಡೂವರೆ ಅಂತ ಲೆಕ್ಕವೇ ಇದೆ, ಮನಸ್ಸು ಬಂದರೆ ಮಾತ್ರ ಅಂತಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಅಂಗಿಗೆ ಜೇಬೇ ಹಾಕಿಸಿರಲಿಲ್ಲ. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯಲ್ಲೂ ಆವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ಬೈಲಹೊಂಗಲ ಕಡೆಯ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಕ್ಯಾಥೊಲಿಕ್ ಗುರುಗಳು ಕಾವಿ ತೊಟ್ಟು, ಮಠದ ರೀತಿಯಲ್ಲೇ ಬದುಕಿದ್ದೂ ಉಂಟು. ಈ ಮಣ್ಣಿನಲ್ಲಿ ಬಿಡುವುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಅಂತ ಹೇಳಬೇಕಾದರೆ ಒಂದಿದೆ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸು, ನಾನು ಹಸಿದಿದ್ದೆ, ನೀವು ಉಣಿಸಿದಿರಿ ಅನ್ನುತ್ತಾರೆ. ಯಾವಾಗ ಅಂತ ಕೇಳಿದರೆ, ಈ ಚಿಕ್ಕವರಲ್ಲಿ ಒಬ್ಬರಿಗೆ ಮಾಡಿದ್ದು ನನಗೇ ಮಾಡಿದ್ದು ಅನ್ನುತ್ತಾರೆ. ಹಸಿದವರ ಜೊತೆ ದೇವರಿದ್ದಾನೆ ಅಂತಷ್ಟೇ ಅಲ್ಲ, ಹಸಿದು ನಿಂತವನು ತಾನೇ ಅಂತ. ಶಿಲುಬೆ ಹಾದಿ ನಡೆಯುವಾಗ ನಾವು ನೆನೆಯುವುದು ಅದನ್ನು.

ಶುಕ್ರವಾರ ಗೆಳತಿ ಮನಿಗೆ ಹೋಗಿದ್ದೆ. ಚಿಕನ್ ಬಡಿಸಿದ್ಲು. ಬ್ಯಾಡ ಅನ್ನೋದೋ, ತಿನ್ನೋದೋ?

ಯೇಸು ಹೇಳಿದ್ದು, ಉಪವಾಸ ಮಾಡುವಾಗ ಮುಖ ತೊಳೆದುಕೋ, ತಲೆಗೆ ಎಣ್ಣೆ ಹಚ್ಚಿಕೋ, ಯಾರಿಗೂ ತೋರಿಸಬೇಡ ಅಂತ. ಮೊದಲೇ ಗೊತ್ತಿದ್ದರೆ ಒಂದು ಫೋನ್ ಮಾಡಿ, "ಶುಕ್ರವಾರ ರೊಟ್ಟಿ ಝುಣಕಾ ಸಾಕವ್ವಾ" ಅನ್ನಿ. ಗೊತ್ತಿರದೆ ಹೋಗಿ ಕೂತಾಗಿದ್ದರೆ, ಮೆತ್ತಗೆ ಸಾರು-ಅನ್ನ ಕೇಳಿ. ಬಡವರ ಮನೆಯಲ್ಲಿ ನಿಮಗೋಸ್ಕರ ಸಾಲ ಮಾಡಿ ಕೋಳಿ ಕೊಯ್ದಿದ್ದರೆ ಏನು ಮಾಡುವುದು ಅಂತ ನಮ್ಮಜ್ಜಿಯನ್ನು ಕೇಳಿದ್ದೆ. "ಉಣ್ಣು. ಶನಿವಾರ ಬಿಡು" ಅಂದಿದ್ದಳು. ಪುಸ್ತಕದ ಉತ್ತರ ಬೇರೆ ಇರಬಹುದು, ನಾನು ಅಜ್ಜಿಯ ಕಡೆ.

ಅಣ್ಣನ ಜೋಡಿ ಹೊಲದ ಸಲುವಾಗಿ ಆರು ವರ್ಷದಿಂದ ಮಾತಿಲ್ಲ. ಮಟನ್ ಬಿಡೋದು ಸುಲಭ, ಈ ಸಿಟ್ಟು ಹೆಂಗ ಬಿಡೋದು?

ಬಡವರ ಮೇಲೆ ಕರುಣೆ ಬರುವುದು ಸುಲಭ, ದಾಯಾದಿಗಳ ಮೇಲೆ ಬರುವುದು ಕಷ್ಟ. ಇದನ್ನು ಬರೆದವರಿಗೆ ನಾನು ಕ್ಷಮಿಸಿಬಿಡಿ ಅಂತ ಬರೆಯಲಿಲ್ಲ. ಅದು ನನ್ನ ಬಾಯಿಗೆ ದೊಡ್ಡ ಮಾತು. ಹೊಲದ ಹಕ್ಕು ಬಿಡಿ ಅಂತಲೂ ಹೇಳಲಿಲ್ಲ. ಕೋರ್ಟಿನಲ್ಲಿದ್ದರೆ ಇರಲಿ.

ಒಂದೇ ಒಂದು ಬಿಡಿ ಅಂದೆ. ಆ ಕಥೆಯನ್ನು 40 ದಿನ ಯಾರ ಮುಂದೆಯೂ ಹೇಳಬೇಡಿ. ಬೀಗರ ಮುಂದೆ, ಬಸ್ಸಿನಲ್ಲಿ, ಹೆಂಡತಿಯ ಮುಂದೆ ಸೈತ ಬೇಡ. ಜಗಳದ ಕಥೆಯೂ ಒಂದು ಥರ ಊಟವೇ. ಹೇಳಿದಷ್ಟೂ ರುಚಿ, ಮರುದಿನ ಮತ್ತೆ ಹಸಿವು. ಈಸ್ಟರ್ ಆದ ಮೇಲೆ ಅವರ ಇನ್ನೊಂದು ಪತ್ರ ಬಂತು. ಅಣ್ಣನ ಜೊತೆ ಮಾತು ಶುರುವಾಗಿಲ್ಲವಂತೆ. ಆದರೆ ಅಣ್ಣನ ಬೋರ್‌ವೆಲ್ ಬತ್ತಿದೆ ಅಂತ ಯಾರೋ ಹೇಳಿದಾಗ ಮೊದಲಿನ ಹಾಗೆ ಖುಷಿಯಾಗಲಿಲ್ಲವಂತೆ. ಯಾಕೆ ಹಿಂಗಾತು ಅಂತ ನನ್ನನ್ನೇ ಕೇಳಿದ್ದರು.

ಈಸ್ಟರ್ ಮುಗಿದ ಕೂಡ್ಲೇ ಎಲ್ಲಾ ಮೊದಲಿನಂಗ ಆಗ್ತದ. ಹಂಗಾರ ಏನುಪಯೋಗ?

ಬಹಳಷ್ಟು ಮೊದಲಿನ ಹಾಗೆಯೇ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ನಾನೂ ಈಸ್ಟರ್ ದಿನ ಬೆಳಿಗ್ಗೆಯೇ ಚಹಾ ಕುಡಿದೆ, ಎರಡು ಕಪ್. ಆದರೆ ಚಹಾದ ಪಾತ್ರೆಯ ವಿಷಯ ಮಾತ್ರ ಬದಲಾಗಿದೆ. ಅದು ಈಗ ನನ್ನ ಉಪವಾಸಕ್ಕೆ ಮೇಲೆ ಹೋಗುವುದಿಲ್ಲ. ತಪಸ್ಸುಕಾಲ ಇರಲಿ ಬಿಡಲಿ, ಮಾವಶಿ ಬರುವ ಹೊತ್ತಿಗೆ ಒಲೆಯ ಮೇಲೆ ಇರುತ್ತದೆ. ನಾನು ಚಹಾ ಬಿಟ್ಟ ದಿನಗಳಲ್ಲಿ ಆಕೆಗೊಬ್ಬರಿಗೇ ಮಾಡುತ್ತೇನೆ. ಮೊದಲ ವರ್ಷ ಅವರು ಬೇಡ ಬೇಡ ಅಂದು, ನಿಂತುಕೊಂಡೇ ಕುಡಿದು ಓಡುತ್ತಿದ್ದರು. ಈಗ ಕಟ್ಟೆಯ ಮೇಲೆ ಕೂರುತ್ತಾರೆ. ಹೋದ ವಾರ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಶುಂಠಿ ಇನ್ನೊಂಚೂರು ಹಾಕಬೇಕ್ರಿ ಬಾಯಾರ, ನಿಮಗ ಚಹಾ ಮಾಡಾಕ ಬರಂಗಿಲ್ಲ."